ಹೊಳೆದಂಡೆಗೆ ಮತ್ತೆ ಮರ

ಹೊಳೆಯ ಅಂಚಿನವರೆಗೂ ಉಳುವ ರೈತ ಬಾಂಧವರೇ, ಕಳೆದ ನೆರೆಯಲ್ಲಿ ನಿಮ್ಮ ದಂಡೆ ಎಷ್ಟು ಅಡಿ ಕುಸಿಯಿತೆಂದು ಅಳೆದಿದ್ದೀರಾ? ಮರ ಕಡಿದು ಗಳಿಸಿದ ಎರಡು ಸಾಲು ಕಬ್ಬನ್ನು ನದಿ ಬಡ್ಡಿಸಹಿತ ವಸೂಲು ಮಾಡುತ್ತದೆ.

ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟನ್ನೇ ನೋಡಿ. 17ನೆಯ ಶತಮಾನದಲ್ಲಿ ಕಾವೇರಿಗೆ ಒಡ್ಡು ಕಟ್ಟಿದಾಗ ಉಂಟಾದ ಈ ತಿಟ್ಟುಗಳು, ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾದವು. 2022ರಲ್ಲಿ ರಾಮ್ಸಾರ್ ಪಟ್ಟಿ ಸೇರಿದವು. ಕನ್ನಂಬಾಡಿಯಿಂದ ಹೆಚ್ಚು ನೀರು ಬಿಟ್ಟಾಗ ತಿಟ್ಟಿನ ಮಣ್ಣು ಕೊರೆದುಹೋಗುತ್ತದೆ. ಅರಣ್ಯ ಇಲಾಖೆ ಮರಳಿನ ಚೀಲ ಜೋಡಿಸಿ ಅಂಚು ಕಟ್ಟಿಸಿದೆ. ಚೀಲ ಎಷ್ಟು ದಿನ ಬಂದೀತು? ಮಣ್ಣು ಹಿಡಿಯಲು ಬೇರೇ ಬೇಕು.

ನೀರಿಗೆ ತಗಲುವ ಕಡೆ ಲಾವಂಚ ಹಾಕಿ. ಅದರ ಹಿಂದೆ ನೀರುಮತ್ತಿ, ಹೊಂಗೆ, ನೇರಳೆ, ಮೇಲಂಚಿಗೆ ಬಿದಿರು. ಬುಡದಲ್ಲಿ ನೀರು ನಿಂತರೂ ನೀರುಮತ್ತಿ ತಾಳಿಕೊಳ್ಳುತ್ತದೆ. ಎಲೆ ಟಸರ್ ರೇಷ್ಮೆಹುಳುವಿಗೆ ಮೇವು. ಮುಂಗಾರಿನಲ್ಲಿ ನೆಟ್ಟ ಎಳೆಸಸಿ ಪ್ರವಾಹಕ್ಕೆ ಕೊಚ್ಚಿಹೋಗುವುದರಿಂದ, ನೆರೆ ಇಳಿದ ಮೇಲೆ ಹಿಂಗಾರಿನ ಹದದಲ್ಲಿ ಎದೆಮಟ್ಟದ ಸಸಿ ನೆಡಿ. ಎರಡು ವರ್ಷ ಮುಳ್ಳುಬೇಲಿ ಇರಲಿ. ನೆರೆಗಿಂತ ಆಡಿನ ಕಾಟವೇ ಹೆಚ್ಚು. ಜೌಗು ತಗ್ಗುಗಳಿಗೆ ಮಣ್ಣು ತುಂಬಬೇಡಿ. ನೆರೆನೀರು ಅಲ್ಲಿ ಹರಡಿ, ವೇಗ ಕಳೆದುಕೊಂಡು ಮೆಕ್ಕಲು ಬಿಡುತ್ತದೆ.

ಹೂಡಿ, ವರ್ತೂರಿನ ಕಡೆ ದೊಡ್ಡ ಹೊಳೆಯಿಲ್ಲ, ನಿಜ. ಆದರೆ ವರ್ತೂರು ಕೆರೆಯ ಕೋಡಿನೀರು ದಕ್ಷಿಣ ಪಿನಾಕಿನಿಗೇ ಸೇರುತ್ತದೆ. ರಾಜಕಾಲುವೆಯ ಅಂಚಿಗೂ ಇವೇ ಮರಗಳು ಒಗ್ಗುತ್ತವೆ.

ದಂಡೆ ಸರ್ಕಾರಿ ಖರಾಬಾಗಿದ್ದರೆ ಮೊದಲು ಅನುಮತಿ ಕೇಳಿ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಹೊಂಗೆ, ನೇರಳೆ ಸಿಗುತ್ತವೆ. ನೀರುಮತ್ತಿ ಬೇಕೆಂದು ಮುಂಚಿತವಾಗಿಯೇ ಹೇಳಿಡಿ.