ಮುರುಗಲ ತುಪ್ಪಕ್ಕೆ ನ್ಯಾಯವಾದ ಬೆಲೆ

ಮುಂಬಯಿಯ ದಾದರದಲ್ಲಿ ಕೊಂಕಣದ ಸರಕನ್ನು ಮಾರುವ ಅಂಗಡಿಗಳಲ್ಲಿ, ಒಣಗಿದ ಕೋಕಂ ಸಿಪ್ಪೆಯ ಜೊತೆಗೆ ಮಾಸಲು ಬಿಳುಪಿನ ಗಟ್ಟಿ ಉಂಡೆಗಳೂ ದೊರೆಯುವುದುಂಟು. ಮರಾಠಿಗರು ಕೋಕಂ ತೇಲ್ ಎಂದೂ ಉತ್ತರ ಕನ್ನಡದವರು ಮುರುಗಲ ತುಪ್ಪವೆಂದೂ ಕರೆಯುವ ಈ ಸ್ನಿಗ್ಧದ್ರವ್ಯವು, ಒಡೆದ ಹಿಮ್ಮಡಿಗೆ ಹಚ್ಚುವ ಮನೆಮದ್ದಾಗಿ ನಮ್ಮ ಹಿರಿಯರಿಗೆ ಪರಿಚಿತವಾಗಿದ್ದುದು, ಇಂದು ಅಂಗಲೇಪನಗಳ ಉದ್ಯಮಕ್ಕೂ ಬೇಕಾದ ಪದಾರ್ಥವಾಗಿದೆ. ಚಾಕೊಲೇಟಿನಲ್ಲಿ ಕೋಕೋ ಬೆಣ್ಣೆಯೊಡನೆ ಶೇಕಡಾ 5ರವರೆಗೆ ಸೇರಿಸಬಹುದಾದ ಆರು ಸಸ್ಯಜನ್ಯ ಕೊಬ್ಬುಗಳನ್ನು ಐರೋಪ್ಯ ಒಕ್ಕೂಟವು 2000ನೆಯ ಇಸವಿಯಲ್ಲಿ ಹೆಸರಿಸಿದಾಗ, ಸಹ್ಯಾದ್ರಿಯ ಈ ಕೊಬ್ಬೂ ಅವುಗಳಲ್ಲಿ ಒಂದಾಗಿತ್ತು.

ಇದರ ಉತ್ಪಾದನೆ ಶ್ರಮಸಾಧ್ಯವಾದುದು. ಬೇಸಗೆಯಲ್ಲಿ ಹಣ್ಣಾಗುವ ಮುರುಗಲನ್ನು ಮಳೆ ಹಿಡಿಯುವುದರೊಳಗೆ ಆರಿಸಿ ತಂದು, ಸಿಪ್ಪೆಯನ್ನು ಬೇರ್ಪಡಿಸಿ, ಬೀಜವನ್ನು ತೊಳೆದು ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿದರೆ, ಮೇಲೆ ತೇಲುವ ಜಿಡ್ಡು ಆರಿದಾಗ ಗಟ್ಟಿಯಾಗುತ್ತದೆ. ಬೀಜದ ತೂಕದಲ್ಲಿ ಸುಮಾರು ಕಾಲುಭಾಗ ಮಾತ್ರ ಕೊಬ್ಬು.

ಇಷ್ಟು ದುಡಿಮೆಯ ಫಲ ಯಾರಿಗೆ ಸಲ್ಲುತ್ತದೆ? ಕರ್ನಾಟಕದ ಮಲೆನಾಡಿನಲ್ಲಿ ಕಿರು ಅರಣ್ಯೋತ್ಪನ್ನಗಳ ಸಂಗ್ರಹಣೆಯ ಹಕ್ಕನ್ನು ಹರಾಜಿನಲ್ಲಿ ಗುತ್ತಿಗೆದಾರರಿಗೆ ಕೊಡುವ ಪದ್ಧತಿ ಬಹುಕಾಲ ನಡೆದುಬಂದಿದ್ದು, ಕಾಡನ್ನು ಬಲ್ಲವನಿಗೆ ದೊರಕುತ್ತಿದ್ದುದು ತೂಕದ ಮೇಲಿನ ಕೂಲಿ ಮಾತ್ರ. ಮುಂದಿನ ವರ್ಷದ ಫಲದಲ್ಲಿ ತನಗೆ ಪಾಲುಂಟೆಂಬ ಭರವಸೆಯಿಲ್ಲದವನು, ಇಂದು ತಾನು ಬಿಟ್ಟ ಕಾಯಿಯನ್ನು ನಾಳೆ ಇನ್ನೊಬ್ಬನು ಕೊಯ್ಯುವನೆಂದು ಅರಿತಾಗ, ಹಣ್ಣಾಗುವವರೆಗೆ ಕಾಯುವುದಾದರೂ ಹೇಗೆ? ಮುರುಗಲಿನ ದಾಯಾದಿಯಾದ ಉಪ್ಪಗೆಯ ಕಥೆ ಇದಕ್ಕೆ ನಿದರ್ಶನ. ಮೈ ಕರಗಿಸುವ ಔಷಧಕ್ಕೆಂದು ಅದರ ಸಿಪ್ಪೆಗೆ 1990ರ ದಶಕದಲ್ಲಿ ವಿದೇಶಗಳಿಂದ ಬೇಡಿಕೆ ಬಂದೊಡನೆ, ಬಲಿಯದ ಕಾಯಿಗಳನ್ನೂ ಕೊಯ್ದರು, ರೆಂಬೆಗಳನ್ನು ಕಡಿದರು, ಸಿಪ್ಪೆಯನ್ನು ಒಣಗಿಸಲು ಕಾಡಿನ ಸೌದೆಯನ್ನೇ ಉರಿಸಿದರು.

ಆದುದರಿಂದ ನ್ಯಾಯವಾದ ಬೆಲೆಯೆಂಬುದು ಸಂಗ್ರಾಹಕನಿಗೆ ತೋರುವ ದಯೆಯಲ್ಲ; ಅದು ಅವನಿಗೆ ಕಾಯುವ ಶಕ್ತಿಯನ್ನು ಕೊಡುವ ಏರ್ಪಾಡು, ಆ ಮೂಲಕ ವನರಕ್ಷಣೆಯ ಉಪಾಯ. 2006ರ ಅರಣ್ಯ ಹಕ್ಕುಗಳ ಕಾಯಿದೆಯು ಪರಂಪರೆಯಿಂದ ಸಂಗ್ರಹಿಸುತ್ತ ಬಂದ ಕಿರು ಅರಣ್ಯೋತ್ಪನ್ನಗಳ ಒಡೆತನವನ್ನು ಅರಣ್ಯವಾಸಿಗಳದೆಂದು ಮಾನ್ಯಮಾಡಿರುವುದು ಇದರ ಅಡಿಗಲ್ಲು. ಹಕ್ಕಿನೊಡನೆ ಸರಿಯಾದ ವ್ಯಾಪಾರವೂ ಕೂಡಿದರೆ ಏನಾಗಬಹುದೆಂಬುದಕ್ಕೆ ಮುಂಬಯಿಗೆ ದೂರವಲ್ಲದ ಭೀಮಾಶಂಕರದ ಕಾಡು ಸಾಕ್ಷಿಯಾಗಿದೆ. ಅಲ್ಲಿ ಪುಣೆಯ ಅಪ್ಲೈಡ್ ಎನ್ವಿರಾನ್ಮೆಂಟಲ್ ರಿಸರ್ಚ್ ಫೌಂಡೇಶನ್ ಸಂಸ್ಥೆಯ ನೆರವಿನಿಂದ ಮಹಾದೇವ ಕೋಳಿ ಜನರು ಅಳಲೆ ಮತ್ತು ತಾರೆಕಾಯಿಗಳನ್ನು ಫೇರ್‌ವೈಲ್ಡ್ ಎಂಬ ಅಂತರರಾಷ್ಟ್ರೀಯ ಪ್ರಮಾಣಕ್ಕೆ ಅನುಸಾರವಾಗಿ ಸಂಗ್ರಹಿಸುತ್ತಾರೆ. ಎಷ್ಟನ್ನು ಕೊಯ್ಯಬೇಕು, ಎಷ್ಟನ್ನು ಮರಕ್ಕೇ ಬಿಡಬೇಕು ಎಂಬುದರ ಜೊತೆಗೆ, ಸಂಗ್ರಾಹಕರಿಗೆ ಸಲ್ಲಬೇಕಾದ ಬೆಲೆಯನ್ನೂ ಆ ಪ್ರಮಾಣವು ವಿಚಾರಿಸುತ್ತದೆ. ಹಿಂದೆ ಸೌದೆಗೆ ಉರುಳುತ್ತಿದ್ದ ತಾರೆಯ ಮರವು ಈಗ ಆದಾಯದ ಮೂಲವಾಯಿತು; ಅಂತಹ ಹೆಮ್ಮರಗಳ ಪೊಟರೆಗಳಲ್ಲೇ ಸಹ್ಯಾದ್ರಿಯ ಮಂಗಟ್ಟೆಗಳು ಗೂಡುಕಟ್ಟುವುದು.

ಮುರುಗಲಿಗೂ ಈ ಭಾಗ್ಯ ಒದಗಬೇಕಾದರೆ ಮುಂಬಯಿಯ ಗ್ರಾಹಕನ ಪಾತ್ರ ಚಿಕ್ಕದಲ್ಲ. ಖಾದ್ಯವಲ್ಲದ ಎಣ್ಣೆಬೀಜಗಳಿಂದ ಹಳ್ಳಿಗಳಲ್ಲಿ ಸಾಬೂನು ತಯಾರಿಸುವುದಕ್ಕೆ ಪ್ರೋತ್ಸಾಹವಿತ್ತ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು 1957ರಲ್ಲಿ ಸ್ಥಾಪಿತವಾಗಿ, ಇದೇ ನಗರದ ವಿಲೇಪಾರ್ಲೆಯಲ್ಲಿ ಕೇಂದ್ರ ಕಛೇರಿಯನ್ನು ಹೊಂದಿದೆ; ಕಾಡಿನ ಬೀಜಕ್ಕೂ ನಗರದ ಕೊಳ್ಳುವಿಕೆಗೂ ಇರುವ ಸಂಬಂಧ ಇಲ್ಲಿ ಹೊಸದಲ್ಲ. ಕೋಕಂ ಬೆಣ್ಣೆಯಿದೆಯೆಂದು ಹೇಳಿ ಮಾರುವ ಲೇಪನವನ್ನು ಕೈಗೆತ್ತಿಕೊಂಡಾಗ, ಬೀಜ ಯಾವ ಕಾಡಿನದು, ಆರಿಸಿದವರು ಯಾರು, ಅವರಿಗೆ ಸಂದುದೆಷ್ಟು ಎಂದು ನಾವು ಕೇಳಬೇಕು. ಉತ್ತರ ಕೊಡಬಲ್ಲ ಮಾರಾಟಗಾರನಿಗೆ ನಾಲ್ಕು ಕಾಸು ಹೆಚ್ಚು ಕೊಡುವುದು ನಮ್ಮ ಔದಾರ್ಯವಲ್ಲ, ಬಹುದಿನದ ಬಾಕಿಯ ಸಂದಾಯ.