ಲೋಳೆ, ಅಂಟು ಮತ್ತು ಉರಿಯೂತ

ಸಕ್ಕರೆಯ ಸಣ್ಣ ಅಣುಗಳು ನೂರಾರು, ಸಾವಿರಾರು ಸಂಖ್ಯೆಯಲ್ಲಿ ಒಂದಕ್ಕೊಂದು ಕೊಂಡಿ ಹಾಕಿಕೊಂಡು ಬೆಳೆದ ಉದ್ದನೆಯ ಸರಪಳಿಗೆ ಬಹುಶರ್ಕರ ಅಥವಾ ಪಾಲಿಸ್ಯಾಕರೈಡ್ ಎಂದು ಹೆಸರು. ಜೋಳದ ಪಿಷ್ಟ, ಹತ್ತಿಯ ನಾರು ಎರಡೂ ಈ ಜಾತಿಗೆ ಸೇರಿದವು. ಎರಡೂ ಗ್ಲೂಕೋಸಿನಿಂದಲೇ ಆದವು. ಕೊಂಡಿ ಕೂಡಿದ ಬಗೆ ಮಾತ್ರ ಬೇರೆ. ಅಷ್ಟೇ ವ್ಯತ್ಯಾಸಕ್ಕೆ ಜೋಳ ಹೊಟ್ಟೆ ತುಂಬಿಸುತ್ತದೆ, ಹತ್ತಿ ಬಟ್ಟೆಯಾಗುತ್ತದೆ. ಗಿಡಮರಗಳೂ ಕಡಲಪಾಚಿಗಳೂ ಇವಕ್ಕಿಂತ ಜಟಿಲವಾದ ಬಹುಶರ್ಕರಗಳನ್ನು ತಯಾರಿಸುತ್ತವೆ. ನೀರು ತಾಗಿದರೆ ಲೋಳೆಯಾಗುವ, ಒಣಗಿದರೆ ಅಂಟಾಗುವ ಇವುಗಳಲ್ಲಿ ಕೆಲವಕ್ಕೆ ಉರಿಯೂತವನ್ನು ತಗ್ಗಿಸುವ ಗುಣವಿರುವುದು ಪ್ರಯೋಗಗಳಲ್ಲಿ ಕಂಡಿದೆ.

ಹೈದರಾಬಾದ್–ಸೊಲ್ಲಾಪುರ ಹೆದ್ದಾರಿಯ ಮೇಲಿರುವ ಮನ್ನಾಏಖೇಳ್ಳಿಯಿಂದ ಸಮುದ್ರ ನೂರಾರು ಕಿಲೋಮೀಟರ್ ದೂರ. ಆದರೆ ಹುಮನಾಬಾದ್, ಬಸವಕಲ್ಯಾಣದವರೆಗಿನ ಈ ಬೀದರ್ ಸೀಮೆಯಲ್ಲಿ ಲೋಳೆ ಅಂಟುಗಳಿಗೆ ಬರವಿಲ್ಲ. ಬಾಣಂತಿಗೆ ಕಟ್ಟುವ ಅಂಟಿನುಂಡಿಯಲ್ಲಿ ತುಪ್ಪದಲ್ಲಿ ಅರಳಿಸಿ ಹಾಕುವುದು ಮರದ ಅಂಟು. ರೊಟ್ಟಿಯ ಜೊತೆಗಿನ ಅಗಸಿ ಹಿಂಡಿಗೆ ಬಳಸುವ ಅಗಸೆ ಬೀಜ ನೀರಿಗೆ ಬಿದ್ದರೆ ಲೋಳೆ ಬಿಡುತ್ತದೆ. ಮೆಂತ್ಯ, ಬೆಂಡಿಕಾಯಿ, ಚವಳಿಕಾಯಿಯ ಬೀಜ, ಮನೆ ಮುಂದಿನ ಲೋಳೆಸರ, ಬೇವಿನ ಮರಕ್ಕೆ ಹಬ್ಬಿದ ಅಮೃತಬಳ್ಳಿ, ಬದುವಿನ ಹುಣಸೆ ಎಲ್ಲವೂ ಬಹುಶರ್ಕರಗಳ ಕಣಜಗಳೇ. ಕಡಲಿನ ಬಹುಶರ್ಕರಗಳೂ ಈ ಊರುಗಳಿಗೆ ಅಪರಿಚಿತವಲ್ಲ. ಕಿರಾಣಿ ಅಂಗಡಿಯಲ್ಲಿ ಚೀನಾ ಗ್ರಾಸ್ ಎಂದು ಸಿಗುವ ಅಗರ್ ಕೆಂಪು ಪಾಚಿಯಿಂದ ಬಂದದ್ದು; ಹಲವು ಐಸ್‌ಕ್ರೀಮುಗಳನ್ನು ಗಟ್ಟಿಯಾಗಿ ಹಿಡಿದಿಡುವ ಕ್ಯಾರಜೀನನ್ ಕೂಡ ಹಾಗೆಯೇ.

ಉರಿಯೂತ ಮೂಲದಲ್ಲಿ ರೋಗವಲ್ಲ, ದೇಹದ ಕಾವಲು. ಕಾಲಿಗೆ ಜಾಲಿ ಮುಳ್ಳು ಚುಚ್ಚಿದಾಗ ಆ ಜಾಗದ ಮ್ಯಾಕ್ರೋಫೇಜ್ ಎಂಬ ರಕ್ಷಕ ಕೋಶಗಳು ಟಿಎನ್‌ಎಫ್-ಆಲ್ಫಾ, ಇಂಟರ್‌ಲ್ಯೂಕಿನ್ ಮುಂತಾದ ಪ್ರೋಟೀನುಗಳನ್ನು ಸುರಿಸಿ ಸುದ್ದಿ ಮುಟ್ಟಿಸುತ್ತವೆ. ರಕ್ತನಾಳಗಳು ಹಿಗ್ಗುತ್ತವೆ, ದ್ರವ ಹೊರಗೆ ಜಿನುಗುತ್ತದೆ, ಬಿಳಿರಕ್ತಕಣಗಳು ಧಾವಿಸುತ್ತವೆ. ಕೆಂಪು, ಕಾವು, ಬಾವು, ನೋವು ಕಾಣಿಸಿಕೊಳ್ಳುವುದು ಹೀಗೆ. ಕೆಲಸ ಮುಗಿದ ಮೇಲೆ ಇದು ಅಡಗಬೇಕು. ಅಡಗದೆ ತಿಂಗಳು, ವರ್ಷಗಟ್ಟಲೆ ಹೊಗೆಯಾಡಿದರೆ ಕೀಲುಗಳಲ್ಲಿ ಸಂಧಿವಾತ, ದೊಡ್ಡ ಕರುಳಿನಲ್ಲಿ ಹುಣ್ಣು, ರಕ್ತನಾಳಗಳಲ್ಲಿ ಕೊಬ್ಬಿನ ಗಂಟು ಹೀಗೆ ಬೇರೆ ಬೇರೆ ಕಡೆ ಹಾನಿಯಾಗುತ್ತದೆ. ಡೈಕ್ಲೋಫೆನಾಕ್, ಐಬುಪ್ರೊಫೇನ್ ಜಾತಿಯ ಮಾತ್ರೆಗಳು ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳ ತಯಾರಿಯನ್ನು ತಡೆದು ನೋವನ್ನೂ ಬಾವನ್ನೂ ಇಳಿಸುತ್ತವೆ. ಆಸ್ಪಿರಿನ್ ಹೀಗೆ ಕೆಲಸ ಮಾಡುವುದನ್ನು 1971ರಲ್ಲಿ ತೋರಿಸಿದವರು ಇಂಗ್ಲೆಂಡಿನ ಜಾನ್ ವೇನ್. ಆದರೆ ಅದೇ ಪ್ರೊಸ್ಟಗ್ಲಾಂಡಿನ್‌ಗಳು ಜಠರದ ಒಳಪದರವನ್ನೂ ಮೂತ್ರಪಿಂಡವನ್ನೂ ಕಾಯುತ್ತವೆ. ಹೊಲದ ಕೆಲಸದ ಮಂಡಿನೋವಿಗೆಂದು ವರ್ಷಗಟ್ಟಲೆ ಈ ಮಾತ್ರೆ ನುಂಗುವವರಿಗೆ ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಬರುವ ಅಪಾಯ ಇದರಿಂದಲೇ. ಹೆಚ್ಚು ಸೌಮ್ಯವಾದ ದಾರಿಗಳನ್ನು ಹುಡುಕುವ ಕೆಲಸ ಜಗತ್ತಿನಾದ್ಯಂತ ನಡೆಯುತ್ತಿರುವುದಕ್ಕೆ ಇದೊಂದು ಕಾರಣ.

ಕಡಲಪಾಚಿಗಳ ಬಹುಶರ್ಕರಗಳಲ್ಲಿ ಹೆಚ್ಚು ಅಧ್ಯಯನವಾದದ್ದು ಫ್ಯೂಕೊಯ್ಡನ್. ಕಂದು ಪಾಚಿಗಳ ಕೋಶಭಿತ್ತಿಯಲ್ಲಿರುವ ಇದನ್ನು 1913ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಹರಾಲ್ಡ್ ಕೈಲಿನ್ ಮೊದಲು ಬೇರ್ಪಡಿಸಿದರು. ಫ್ಯೂಕೋಸ್ ಎಂಬ ಸಕ್ಕರೆಯ ಸರಪಳಿಗೆ ಅಲ್ಲಲ್ಲಿ ಸಲ್ಫೇಟ್ ಗುಂಪುಗಳು ಅಂಟಿಕೊಂಡಿರುವುದು ಇದರ ವಿಶೇಷ. ಸಲ್ಫೇಟಿನಿಂದಾಗಿ ಇಡೀ ಅಣುವಿಗೆ ಋಣ ವಿದ್ಯುದಾವೇಶ ಬಂದಿದ್ದು, ಗುಣವೇ ಬದಲಾಗಿದೆ. ರಕ್ತ ಹೆಪ್ಪುಗಟ್ಟದಂತೆ ಆಸ್ಪತ್ರೆಗಳಲ್ಲಿ ಕೊಡುವ ಹೆಪಾರಿನ್ ಕೂಡ ಸಲ್ಫೇಟ್ ಹೊತ್ತ ಬಹುಶರ್ಕರವೇ, ಆದರೆ ಪ್ರಾಣಿಮೂಲದ್ದು.

ಫ್ಯೂಕೊಯ್ಡನ್ ಉರಿಯೂತಕ್ಕೆ ಅಡ್ಡಬರುವ ಒಂದು ಬಗೆ ಚೆನ್ನಾಗಿ ತಿಳಿದಿದೆ. ರಕ್ತದಲ್ಲಿ ವೇಗವಾಗಿ ಹರಿಯುವ ಬಿಳಿರಕ್ತಕಣ ಗಾಯದ ಬಳಿ ಹೊರಬರಬೇಕಾದರೆ ಮೊದಲು ರಕ್ತನಾಳದ ಗೋಡೆಗೆ ಸಿಕ್ಕಿಕೊಳ್ಳಬೇಕು. ಹೊಲದಲ್ಲಿ ನಡೆವವರ ಧೋತರಕ್ಕೆ ಉತ್ತರಾಣಿ ಬೀಜ ಸಿಕ್ಕಿಕೊಳ್ಳುವಂತೆ ಇಲ್ಲಿ ಸಿಕ್ಕಿಸುವ ಕೊಕ್ಕೆಗಳು ಸೆಲೆಕ್ಟಿನ್ ಎಂಬ ಪ್ರೋಟೀನುಗಳು. ಫ್ಯೂಕೊಯ್ಡನ್ ಪಿ-ಸೆಲೆಕ್ಟಿನ್ ಮತ್ತು ಎಲ್-ಸೆಲೆಕ್ಟಿನ್‌ಗಳನ್ನು ತಾನೇ ಆಕ್ರಮಿಸಿಕೊಳ್ಳುತ್ತದೆ. ಕಣಗಳು ಗೋಡೆ ಹಿಡಿಯಲಾರದೆ ಮುಂದೆ ಸಾಗುತ್ತವೆ, ಬಾವು ಕಡಿಮೆಯಾಗುತ್ತದೆ. ಪ್ರಾಣಿಗಳ ರಕ್ತನಾಳಕ್ಕೆ ನೇರವಾಗಿ ಚುಚ್ಚಿದಾಗ ಇದು ಸ್ಪಷ್ಟವಾಗಿ ಕಂಡಿದೆ. ಬಾಯಿಯಿಂದ ಕೊಟ್ಟರೆ ಮಾತು ಬೇರೆ: ಇಷ್ಟು ದೊಡ್ಡ ಅಣು ಕರುಳಿನ ಗೋಡೆ ದಾಟಿ ರಕ್ತಕ್ಕೆ ಸೇರುವುದು ತೀರ ಅಲ್ಪ. ಪಾಚಿಯ ಕ್ಯಾಪ್ಸೂಲುಗಳ ಜಾಹೀರಾತುಗಳು ಈ ಅಂತರವನ್ನು ಹೇಳುವುದು ಅಪರೂಪ.

ಮಂಡಿಯ ಸವೆತದ ನೋವಿನ ಮೇಲೆ ನಡೆದ ಎರಡು ಪರೀಕ್ಷೆಗಳು ಇದಕ್ಕೆ ಒಳ್ಳೆಯ ಪಾಠ. ಆಸ್ಟ್ರೇಲಿಯಾದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಮೊದಲ ಅಧ್ಯಯನದಲ್ಲಿ ಫ್ಯೂಕೊಯ್ಡನ್ ಇರುವ ಪಾಚಿಸಾರವನ್ನು 12 ಜನರಿಗೆ ಕೊಡಲಾಯಿತು. ಹೆಚ್ಚು ಪ್ರಮಾಣ ಪಡೆದವರಲ್ಲಿ ನೋವು, ಬಿಗಿತ ಅರ್ಧದಷ್ಟು ಇಳಿದವು. ಆದರೆ ಹೋಲಿಸಿ ನೋಡಲು ಔಷಧವಿಲ್ಲದ ಮಾತ್ರೆ ಪಡೆದವರ ಗುಂಪು ಇರಲಿಲ್ಲ. 2016ರಲ್ಲಿ ಪ್ರಕಟವಾದ ಎರಡನೆಯ ಅಧ್ಯಯನದಲ್ಲಿ 122 ಜನರಿದ್ದರು, ಅಂಥ ಗುಂಪೂ ಇತ್ತು. ದಿನಕ್ಕೆ 300 ಮಿಲಿಗ್ರಾಂನಂತೆ 12 ವಾರ ಫ್ಯೂಕೊಯ್ಡನ್ ಸೇವಿಸಿದವರಿಗೂ ಬರಿಯ ಮಾತ್ರೆ ನುಂಗಿದವರಿಗೂ ವ್ಯತ್ಯಾಸವೇ ಕಾಣಲಿಲ್ಲ. ಪ್ರಮಾಣ ಸಾಲದಾಯಿತೇ ಎಂಬುದು ಚರ್ಚೆಯ ವಿಷಯ. ಮಂಡಿನೋವಿಗೆ ಇದು ಮದ್ದೆಂದು ಹೇಳಲು ಸದ್ಯ ಆಧಾರವಿಲ್ಲ ಎಂಬುದು ಮಾತ್ರ ನಿಶ್ಚಿತ.

ಎಲ್ಲ ಬಹುಶರ್ಕರಗಳೂ ಉರಿಯೂತ ತಗ್ಗಿಸುವುದಿಲ್ಲ. ಕೆಂಪು ಪಾಚಿಯ ಕ್ಯಾರಜೀನನ್ ಉರಿಯೂತವನ್ನು ಎಬ್ಬಿಸುವುದರಲ್ಲಿ ಎಷ್ಟು ಸಮರ್ಥವೆಂದರೆ, ಹೊಸ ಔಷಧಗಳನ್ನು ಪರೀಕ್ಷಿಸಲು ಇಲಿಯ ಪಾದಕ್ಕೆ ಅದನ್ನೇ ಚುಚ್ಚಿ ಬಾವು ಬರಿಸುತ್ತಾರೆ. 1962ರಲ್ಲಿ ವಿಂಟರ್, ರಿಸ್ಲಿ ಮತ್ತು ನಸ್ ಎಂಬ ಅಮೆರಿಕದ ವಿಜ್ಞಾನಿಗಳು ವಿವರಿಸಿದ ಈ ವಿಧಾನ ಇಂದಿಗೂ ಔಷಧವಿಜ್ಞಾನದ ಪಠ್ಯಗಳಲ್ಲಿದೆ. ಹಾಗಾಗಿ ಒಂದು ಪಾಚಿಯ ಬಹುಶರ್ಕರ ಬಾವು ಬರಿಸುವುದು, ಇನ್ನೊಂದು ಪಾಚಿಯದು ಅದನ್ನು ಇಳಿಸುವುದು ಒಂದೇ ಪ್ರಯೋಗದಲ್ಲಿ ಕಾಣಸಿಗುತ್ತದೆ. ಸರಪಳಿಯ ಉದ್ದ, ಸಲ್ಫೇಟಿನ ಜಾಗ, ಕವಲುಗಳ ಸಂಖ್ಯೆ, ದೇಹಕ್ಕೆ ಸೇರುವ ಮಾರ್ಗ ಇವೆಲ್ಲ ಸೇರಿ ಫಲವನ್ನು ನಿರ್ಧರಿಸುತ್ತವೆ. ಕಡಲಪಾಚಿ ಒಳ್ಳೆಯದು ಎಂಬ ಸಾರಾಸಗಟು ಮಾತಿಗೆ ವಿಜ್ಞಾನದಲ್ಲಿ ಅರ್ಥವಿಲ್ಲ.

ಭಾರತದ ಕರಾವಳಿಯಲ್ಲಿ 800ಕ್ಕೂ ಹೆಚ್ಚು ಜಾತಿಯ ಕಡಲಪಾಚಿಗಳಿವೆ. ಅವುಗಳ ಸಮೃದ್ಧಿ ತಮಿಳುನಾಡಿನ ಮನ್ನಾರ್ ಕೊಲ್ಲಿ ಮತ್ತು ಗುಜರಾತಿನ ಓಖಾ ಕಡೆಗೆ ಹೆಚ್ಚು. ಕರ್ನಾಟಕದಲ್ಲಿ ಕಾರವಾರ, ಭಟ್ಕಳದಂಥ ಕಡೆ ಬಂಡೆಗಳಿರುವ ತೀರದಲ್ಲಿ ಸರ್ಗಾಸಮ್ ಮುಂತಾದವು ಬೆಳೆಯುತ್ತವೆ. ಕಾರವಾರದ ಕೋಡಿಬಾಗದಲ್ಲಿರುವ ಕರ್ನಾಟಕ ವಿಶ್ವವಿದ್ಯಾಲಯದ ಕಡಲಜೀವವಿಜ್ಞಾನ ವಿಭಾಗ ಈ ತೀರದ ಜೀವಿಗಳನ್ನು ಬಹುಕಾಲದಿಂದ ಅಧ್ಯಯನ ಮಾಡುತ್ತಿದೆ. ಕೊಚ್ಚಿಯ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಕೀಲುನೋವಿಗೆಂದು ‘ಕಡಲ್‌ಮಿನ್’ ಹೆಸರಿನ ಪಾಚಿಸಾರವನ್ನು ರೂಪಿಸಿ ಮಾರುಕಟ್ಟೆಗೆ ಬಿಟ್ಟಿದೆ.

ಸಸ್ಯಗಳ ವಿಷಯಕ್ಕೆ ಬಂದರೆ ಆಟದ ಅಂಗಳವೇ ಬದಲಾಗುತ್ತದೆ: ರಕ್ತವನ್ನು ಬಿಟ್ಟು ಕರುಳಿನತ್ತ ನೋಡಬೇಕು. ಪಿಷ್ಟವನ್ನು ಬಿಟ್ಟರೆ ಆಹಾರದ ಬಹುಪಾಲು ಬಹುಶರ್ಕರಗಳನ್ನು ಕತ್ತರಿಸುವ ಕಿಣ್ವ ಮನುಷ್ಯನಲ್ಲಿ ಇಲ್ಲ. ಅವು ಜೀರ್ಣವಾಗದೆ ದೊಡ್ಡ ಕರುಳನ್ನು ತಲುಪುತ್ತವೆ. ಅಲ್ಲಿ ಕೋಟ್ಯಂತರ ಬ್ಯಾಕ್ಟೀರಿಯಾಗಳು ಅವನ್ನು ಹುಳಿಸಿ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಚಿಕ್ಕ ಸರಪಳಿಯ ಆಮ್ಲಗಳನ್ನು ಉತ್ಪಾದಿಸುತ್ತವೆ. ಬ್ಯುಟಿರೇಟ್ ದೊಡ್ಡ ಕರುಳಿನ ಕೋಶಗಳ ಮುಖ್ಯ ಆಹಾರ. ಅದು ಸಾಕಷ್ಟು ಸಿಕ್ಕರೆ ಕರುಳಿನ ಗೋಡೆ ಬಿಗಿಯಾಗಿರುತ್ತದೆ, ಬ್ಯಾಕ್ಟೀರಿಯಾಗಳ ವಿಷಾಂಶ ಒಳಕ್ಕೆ ನುಸುಳುವುದಿಲ್ಲ. ಈ ಆಮ್ಲಗಳು ಉರಿಯೂತಕ್ಕೆ ಕಡಿವಾಣ ಹಾಕುವ ನಿಯಂತ್ರಕ ಟಿ-ಕೋಶಗಳನ್ನು ಹೆಚ್ಚಿಸುತ್ತವೆ ಎಂದು 2013ರಲ್ಲಿ ಬೇರೆ ಬೇರೆ ತಂಡಗಳು ಇಲಿಗಳಲ್ಲಿ ತೋರಿಸಿದವು. ಬಹುಶರ್ಕರ ಸ್ವತಃ ರಕ್ತಕ್ಕೆ ಸೇರಬೇಕಿಲ್ಲ. ಅದನ್ನು ತಿಂದ ಸೂಕ್ಷ್ಮಜೀವಿಗಳ ಉತ್ಪನ್ನ ಸೇರಿದರೆ ಸಾಕು.

ಯಾವ ಬಹುಶರ್ಕರ ಯಾರ ಹೊಟ್ಟೆಯಲ್ಲಿ ಹುಳಿಯುತ್ತದೆ ಎಂಬುದೂ ಒಂದೇ ಸಮನಲ್ಲ. ನೋರಿ ಪಾಚಿಯ ಪೋರ್ಫಿರಾನ್ ಎಂಬ ಬಹುಶರ್ಕರವನ್ನು ಕತ್ತರಿಸುವ ಜೀನುಗಳು ಜಪಾನೀಯರ ಕರುಳಿನ ಬ್ಯಾಕ್ಟೀರಿಯಾಗಳಲ್ಲಿ ಇವೆ ಎಂದು 2010ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಕಂಡುಕೊಂಡರು. ಹೋಲಿಕೆಗೆ ತೆಗೆದುಕೊಂಡ ಅಮೆರಿಕನ್ನರಲ್ಲಿ ಅವು ಸಿಗಲಿಲ್ಲ. ತಲೆಮಾರುಗಳಿಂದ ಹಸಿ ಪಾಚಿ ತಿಂದವರ ಕರುಳಿಗೆ ಆ ಜೀನುಗಳು ಕಡಲ ಬ್ಯಾಕ್ಟೀರಿಯಾಗಳಿಂದಲೇ ಬಂದಿದ್ದವು. ಈ ದೃಷ್ಟಿಯಿಂದ ಜೋಳ, ತೊಗರಿ, ಚವಳಿಕಾಯಿ, ಅಗಸೆ ಉಂಡು ಬೆಳೆದ ಬೀದರ್ ಸೀಮೆಯವರಿಗೆ ದೂರದ ಪಾಚಿಗಿಂತ ಹೊಲದ ಬೆಳೆಯ ನಾರೇ ಹೆಚ್ಚು ಒಗ್ಗುವುದು ಸಹಜ.

ಮನುಷ್ಯರ ಮೇಲಿನ ಪರೀಕ್ಷೆಗಳಲ್ಲಿ ಸಸ್ಯಗಳ ಸಾಕ್ಷ್ಯ ತುಸು ಗಟ್ಟಿ. ದೊಡ್ಡ ಕರುಳಿನ ಹುಣ್ಣು, ಅಂದರೆ ಅಲ್ಸರೇಟಿವ್ ಕೊಲೈಟಿಸ್ ಹತೋಟಿಗೆ ಬಂದಿದ್ದ 105 ರೋಗಿಗಳನ್ನು ಸ್ಪೇನಿನ ವೈದ್ಯರು ಒಂದು ವರ್ಷ ಗಮನಿಸಿ 1999ರಲ್ಲಿ ವರದಿ ಮಾಡಿದರು. ಇಸಬ್‌ಗೋಲ್ ಬೀಜ ತಿಂದವರಲ್ಲಿ 40 ಶೇಕಡ, ಮೆಸಲಮೈನ್ ಎಂಬ ರೂಢಿಯ ಔಷಧ ಪಡೆದವರಲ್ಲಿ 35 ಶೇಕಡ, ಎರಡನ್ನೂ ಪಡೆದವರಲ್ಲಿ 30 ಶೇಕಡ ಜನರಿಗೆ ಚಿಕಿತ್ಸೆ ವಿಫಲವಾಯಿತು. ವ್ಯತ್ಯಾಸ ಚಿಕ್ಕದು, ಬೀಜ ತಿಂದವರ ಮಲದಲ್ಲಿ ಬ್ಯುಟಿರೇಟ್ ಹೆಚ್ಚಿತ್ತು. ಲೋಳೆಸರದ್ದೂ ಇಂಥದೇ ಕಥೆ. ಅದರ ಲೋಳೆಯ ಸುಮಾರು 99 ಶೇಕಡ ನೀರೇ. ಉಳಿದುದರಲ್ಲಿ ಅಸಿಮನ್ನಾನ್ ಎಂಬ ಬಹುಶರ್ಕರ ಮುಖ್ಯ. ಇದೇ ಕಾಯಿಲೆಯ 44 ರೋಗಿಗಳಲ್ಲಿ ಲಂಡನ್ನಿನ ವೈದ್ಯರು 2004ರಲ್ಲಿ ವರದಿ ಮಾಡಿದ ಪರೀಕ್ಷೆಯಲ್ಲಿ, ನಾಲ್ಕು ವಾರ ದಿನಕ್ಕೆರಡು ಸಲ 100 ಮಿಲಿಲೀಟರ್ ಲೋಳೆ ಕುಡಿದ 30 ಜನರಲ್ಲಿ 14 ಮಂದಿಗೆ, ಬರಿಯ ದ್ರಾವಣ ಕುಡಿದ 14 ಜನರಲ್ಲಿ ಇಬ್ಬರಿಗೆ ಗುಣ ಕಂಡಿತು. ಆದರೆ ದರ್ಶಕ ನಳಿಕೆ ತೂರಿಸಿ ಕರುಳಿನ ಒಳಭಾಗವನ್ನು ನೋಡಿದಾಗ ಎರಡು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಇರಲಿಲ್ಲ. ಲೋಳೆಸರ ಕೊಯ್ದ ಕೂಡಲೇ ಸೋರುವ ಹಳದಿ ರಸವನ್ನು ಹರಿಯಬಿಟ್ಟು ಒಳಗಿನ ತಿರುಳನ್ನಷ್ಟೇ ಬಳಸುವ ರೂಢಿ ಸರಿಯಾದದ್ದು. ಆ ರಸದಲ್ಲಿ ತೀವ್ರ ಭೇದಿ ಬರಿಸುವ ಅಲೊಯಿನ್ ಇದೆ. ಇಡೀ ಎಲೆಯ ಸಾರವನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಯಾನ್ಸರ್ ತರುವ ಸಾಧ್ಯತೆಯುಳ್ಳ ವಸ್ತುಗಳ ಪಟ್ಟಿಗೆ ಸೇರಿಸಿದೆ.

ಅಮೃತಬಳ್ಳಿಯ ಬಹುಶರ್ಕರದ ಮೇಲೆ ಮುಂಬೈನ ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರದಲ್ಲಿ ಒಳ್ಳೆಯ ಕೆಲಸ ನಡೆದಿದೆ. ಅಲ್ಲಿ ಬೇರ್ಪಡಿಸಿದ ಜಿ1-4ಎ ಎಂಬ ಬಹುಶರ್ಕರವನ್ನು ಮುಂಚಿತವಾಗಿ ಪಡೆದ ಇಲಿಗಳು ಬ್ಯಾಕ್ಟೀರಿಯಾ ವಿಷದ ಮಾರಕ ಆಘಾತವನ್ನು ತಾಳಿಕೊಂಡವು ಎಂದು 2007ರಲ್ಲಿ ವರದಿಯಾಯಿತು. ಕುತೂಹಲದ ಸಂಗತಿ ಎಂದರೆ ಅದು ರಕ್ಷಣಾ ಕೋಶಗಳನ್ನು ಮೊದಲು ಹದವಾಗಿ ಕೆರಳಿಸಿ, ಮುಂದೆ ಬರುವ ದೊಡ್ಡ ಹೊಡೆತಕ್ಕೆ ಅತಿಯಾಗಿ ಪ್ರತಿಕ್ರಿಯಿಸದಂತೆ ಮಾಡುತ್ತದೆ. ಕೆರಳಿಸುವ ಗುಣಕ್ಕೆ ಅಪಾಯದ ಮುಖವೂ ಇದೆ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿಯ ಕಷಾಯ, ಮಾತ್ರೆ ಸೇವಿಸಿದ ಆರು ಜನರಲ್ಲಿ ಯಕೃತ್ತಿಗೆ ಹಾನಿಯಾದುದನ್ನು ಮುಂಬೈನ ವೈದ್ಯರು 2021ರಲ್ಲಿ ದಾಖಲಿಸಿದರು. ಅದಕ್ಕೆ ಬಳ್ಳಿಯೇ ಕಾರಣವೆಂಬುದನ್ನು ಕೇಂದ್ರ ಆಯುಷ್ ಸಚಿವಾಲಯ ಒಪ್ಪಲಿಲ್ಲ. ಯಕೃತ್ತಿನ ತೊಂದರೆ ಅಥವಾ ಸ್ವಯಂಪ್ರತಿರೋಧದ ಕಾಯಿಲೆ ಇರುವವರು ಅದರಿಂದ ದೂರವಿರುವುದೇ ಕ್ಷೇಮ.

ಹುಣಸೆ ಬೀಜಕ್ಕೆ ಇಲ್ಲಿ ಸಲ್ಲಬೇಕಾದ ಗೌರವ ಸಂದಿಲ್ಲ. ದಖ್ಖನಿನ ಕುರುಬರು ಕಂಬಳಿ ನೇಯುವ ಮುಂಚೆ ಹಾಸಿನ ನೂಲಿಗೆ ಹಚ್ಚುವುದು ಹುಣಸೆ ಬೀಜದ ಗಂಜಿಯನ್ನೇ. ಸಿಪ್ಪೆ ತೆಗೆದ ಬೀಜದಲ್ಲಿ 46ರಿಂದ 48 ಶೇಕಡ ಲೋಳೆಯಾಗುವ ವಸ್ತುವಿದೆ ಎಂದು 1942ರಲ್ಲಿ ಘೋಷ್ ಮತ್ತು ಕೃಷ್ಣ ಎಂಬ ಭಾರತೀಯ ವಿಜ್ಞಾನಿಗಳು ಪ್ರಕಟಿಸಿದರು. ಆ ವಸ್ತು ಝೈಲೊಗ್ಲೂಕನ್ ಎಂಬ ಬಹುಶರ್ಕರ. ಅದು ಒದ್ದೆ ಪದರಗಳಿಗೆ ಹಿಡಿದು ನಿಲ್ಲುವುದರಿಂದ ಒಣಕಣ್ಣಿನ ಉರಿಗೆ ಹಾಕುವ ಹನಿಗಳಲ್ಲಿ ಇಂದು ಬಳಕೆಯಲ್ಲಿದೆ. ಇಲ್ಲಿ ಬಹುಶರ್ಕರ ಕಣ್ಣಿನ ಮೇಲ್ಪದರವನ್ನು ಹೊದ್ದಿಸಿ ಕಾಯುತ್ತದೆ, ಉರಿಯೂತದ ಕಾರಣವೇ ತಗ್ಗುತ್ತದೆ. ಎಲ್ಲ ಬಗೆಗಳಲ್ಲಿ ಇದು ಅತ್ಯಂತ ಸರಳವೂ ಭರವಸೆಯದೂ ಆದ ಬಳಕೆ.

ಇಷ್ಟೆಲ್ಲ ಸಂಶೋಧನೆಯಾದರೂ ಬಹುಶರ್ಕರಗಳು ಮಾತ್ರೆಯ ರೂಪಕ್ಕೆ ಸುಲಭವಾಗಿ ಬಾರದಿರಲು ಅವುಗಳ ಸ್ವಭಾವವೇ ಕಾರಣ. ಒಂದೇ ಪಾಚಿ ಮಳೆಗಾಲದಲ್ಲಿ ಒಂದು ರಚನೆಯ ಸರಪಳಿ ಕೊಟ್ಟರೆ ಬೇಸಿಗೆಯಲ್ಲಿ ಇನ್ನೊಂದು ಕೊಡುತ್ತದೆ. ಬಿಸಿನೀರಿನಲ್ಲಿ ತೆಗೆದ ಸಾರಕ್ಕೂ ಆಮ್ಲದಲ್ಲಿ ತೆಗೆದ ಸಾರಕ್ಕೂ ವ್ಯತ್ಯಾಸವಿದೆ. ಪ್ರಯೋಗಾಲಯದ ಫಲಿತಾಂಶಗಳನ್ನು ಕೆಡಿಸುವ ಇನ್ನೊಂದು ಸಂಗತಿ ಕಲಬೆರಕೆ: ಬ್ಯಾಕ್ಟೀರಿಯಾಗಳ ಹೊರಕವಚದ ವಿಷ ಅತ್ಯಲ್ಪ ಪ್ರಮಾಣದಲ್ಲಿ ಸೇರಿದರೂ ಮ್ಯಾಕ್ರೋಫೇಜ್‌ಗಳು ಅದಕ್ಕೆ ಪ್ರತಿಕ್ರಿಯಿಸುತ್ತವೆ. ಗಾಜಿನ ತಟ್ಟೆಯ ಕೋಶಗಳಲ್ಲಿ ಕಂಡ ಗುಣವನ್ನು ನೇರವಾಗಿ ಮನುಷ್ಯನಿಗೆ ಅನ್ವಯಿಸಬಾರದು ಎಂಬುದಕ್ಕೆ ಇವಿಷ್ಟು ಸಾಕು.

ಈ ಪದಾರ್ಥಗಳನ್ನು ಬಳಸುವವರು ಕೆಲವು ಎಚ್ಚರಗಳನ್ನು ಪಾಲಿಸಬೇಕು. ಇಸಬ್‌ಗೋಲನ್ನು ದೊಡ್ಡ ಲೋಟ ನೀರಿನೊಡನೆ ಕುಡಿಯದಿದ್ದರೆ ಅದು ಗಂಟಲಲ್ಲೋ ಕರುಳಲ್ಲೋ ಉಬ್ಬಿ ಸಿಕ್ಕಿಕೊಳ್ಳಬಹುದು. ಲೋಳೆ ಬಿಡುವ ಯಾವುದೇ ಪುಡಿ ಬೇರೆ ಔಷಧಗಳು ದೇಹಕ್ಕೆ ಸೇರುವುದನ್ನು ನಿಧಾನಿಸುವುದರಿಂದ ಎರಡರ ನಡುವೆ ಕನಿಷ್ಠ ಎರಡು ಗಂಟೆ ಬಿಡಬೇಕು. ಕಂದು ಪಾಚಿಯಲ್ಲಿ ಅಯೋಡಿನ್ ಬಹಳ. ಥೈರಾಯ್ಡ್ ತೊಂದರೆ ಇರುವವರಿಗೆ ಅದು ಹಿತವಲ್ಲ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಫ್ಯೂಕೊಯ್ಡನ್ ಸೇವಿಸಬಾರದು. ಸಂಧಿವಾತಕ್ಕೆ, ಕರುಳಿನ ಹುಣ್ಣಿಗೆ ವೈದ್ಯರು ಕೊಟ್ಟ ಔಷಧವನ್ನು ನಿಲ್ಲಿಸಿ ಇವುಗಳಲ್ಲಿ ಯಾವುದನ್ನೂ ಅದರ ಬದಲಿಗೆ ಬಳಸಬೇಡಿ. ಕ್ಯಾಪ್ಸೂಲಿಗೆ ಹಣ ಕೊಡುವ ಮೊದಲು ಅಗಸಿ ಹಿಂಡಿ, ಚವಳಿಕಾಯಿ, ಕಾಳು, ಜೋಳದ ರೊಟ್ಟಿಗೆ ದಿನದ ಊಟದಲ್ಲಿ ಜಾಗ ಕೊಡಿ.