ಮಾಸ್ತರರಿಲ್ಲದ ಸ್ಟೇಷನ್ನು

1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ಹಳಿ ಬಿದ್ದ ಮೇಲೆ ಕನ್ನಡನಾಡಿಗೂ ಹೈದರಾಬಾದಿಗೂ ಹೋಗಿಬರುವುದು ಸುಲಭವಾಯಿತು. ಆದರೆ ನಮ್ಮ ವಾಚನಾಲಯದ ಎಷ್ಟೋ ಮಿತ್ರರ ಊರಿಗೆ ಹತ್ತಿರವಿರುವುದು ಪ್ಯಾಸೆಂಜರ್ ಗಾಡಿ ಮಾತ್ರ ನಿಲ್ಲುವ ‘ಹಾಲ್ಟ್’. ಅಲ್ಲಿ ಮಾಸ್ತರರಿಲ್ಲ, ಸಿಗ್ನಲ್ ಇಲ್ಲ, ಗಾಡಿಯನ್ನು ಪಕ್ಕದ ಹಳಿಗೆ ತಿರುಗಿಸುವ ಏರ್ಪಾಡೂ ಇಲ್ಲ. ವೇಳಾಪಟ್ಟಿಯಂತೆ ಡ್ರೈವರರೇ ನಿಲ್ಲಿಸುತ್ತಾರೆ. ಜನ ಹತ್ತಿಳಿದದ್ದನ್ನು ನೋಡಿ ಗಾರ್ಡರು ಹಸಿರು ನಿಶಾನೆ ತೋರಿಸುತ್ತಾರೆ. (2022ರಿಂದ ಇವರ ಹೆಸರು ಟ್ರೈನ್ ಮ್ಯಾನೇಜರ್, ನಮ್ಮ ಬಾಯಿಗೆ ಹಳೆಯದೇ ಬರುತ್ತದೆ.)

ಟಿಕೆಟ್ ಮಾರುವವರು ಸಾಮಾನ್ಯವಾಗಿ ಅದೇ ಊರಿನ ಒಬ್ಬ ಏಜೆಂಟರು. ಅವರು ರೈಲ್ವೆ ನೌಕರರಲ್ಲ. ಸಂಬಳವಿಲ್ಲ, ಮಾರಿದ ಟಿಕೆಟಿನ ಮೇಲೆ ಕಮಿಷನ್ ಅಷ್ಟೆ. ಮಾರಾಟ ತಗ್ಗಿದರೆ ಅವರು ಬಿಟ್ಟು ಹೋಗುತ್ತಾರೆ, ಹಾಲ್ಟನ್ನೇ ಮುಚ್ಚುವ ಮಾತೂ ಏಳುತ್ತದೆ.

ಜಪಾನಿನ ಹಳ್ಳಿಗಳಲ್ಲಿ ಇಂಥ ಸ್ಟೇಷನ್ನುಗಳು ಹೇರಳ. ಅಲ್ಲಿ ಅನೇಕ ಕಡೆ ಹತ್ತುವಾಗ ಸ್ಟೇಷನ್ನಿನ ಸಂಖ್ಯೆಯ ಚೀಟಿ ತೆಗೆದುಕೊಂಡು, ಇಳಿಯುವಾಗ ಚಾರ್ಜಿನೊಡನೆ ಡ್ರೈವರರ ಪಕ್ಕದ ಡಬ್ಬಿಗೆ ಹಾಕುತ್ತಾರೆ. ನಮ್ಮಲ್ಲಿ ಆ ಡಬ್ಬಿಯಿಲ್ಲ.

ಹಾಗಾದರೆ ಏಜೆಂಟರು ಇಲ್ಲದ ದಿನ ಏನು ಗತಿ? ಮೊಬೈಲಿನಲ್ಲಿ ಟಿಕೆಟ್ ತೆಗೆಯಬಲ್ಲವರಿಗೆ ಚಿಂತೆಯಿಲ್ಲ. ಉಳಿದವರು ಸುಮ್ಮನೆ ಹತ್ತಿ ಕುಳಿತರೆ ಚಾರ್ಜಿನ ಮೇಲೆ ಕನಿಷ್ಠ 250 ರೂಪಾಯಿ ದಂಡ. ಕೂಲಿಯವರಿಗೆ ಅದು ಚಿಕ್ಕ ಮೊತ್ತವಲ್ಲ. 1989ರ ರೈಲ್ವೆ ಕಾಯಿದೆಯಲ್ಲಿ ಇದಕ್ಕೆ ದಾರಿಯಿದೆ. ಹತ್ತುವ ಮೊದಲೇ ಗಾರ್ಡರಿಗೆ ಹೇಳಿ, ಆಮೇಲೆ ಚಾರ್ಜು ಕೊಡುವ ಕರಾರಿನ ಮೇಲೆ ಅನುಮತಿ ಚೀಟಿ ಬರೆಸಿಕೊಳ್ಳಬೇಕು. ಆಗ ಬರಿಯ ಚಾರ್ಜು ಕೊಟ್ಟರೆ ಸಾಕು. ಗಾರ್ಡರ ಡಬ್ಬಿ ಗಾಡಿಯ ಕೊನೆಗಿರುತ್ತದೆ, ಗಾಡಿ ನಿಲ್ಲುವುದು ಒಂದೇ ನಿಮಿಷ. ಆದ್ದರಿಂದ ಮೊದಲೇ ಆ ತುದಿಗೆ ಹೋಗಿ ನಿಂತಿರಿ.